ಚಾದರದ ನವಿಲು ಮತ್ತು ಯಂತ್ರದ ಕೈ

ಮಕರ ಸಂಕ್ರಮಣದ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ನೆರೆಯುವಾಗ ಚಳಿ ಇನ್ನೂ ಹಿಂದೆ ಸರಿದಿರುವುದಿಲ್ಲ. ಆ ದಿನಗಳಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟದವರೆಗೆ ಮನೆಮನೆಯಲ್ಲಿ ಹೊದಿಕೆಯಾಗಿ ಹೊರಬರುವುದು ಈ ನೆಲದಲ್ಲಿಯೇ ನೇಯ್ದ ಹತ್ತಿಯ ಚಾದರ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಚಾದರವನ್ನು ಒಮ್ಮೆ ಮಗುಚಿ ಹಾಕಿ ನೋಡಿರಿ. ಒಂದು ಮಗ್ಗುಲಲ್ಲಿ ಕೆಂಪು ನೆಲದ ಮೇಲೆ ಬಿಳಿಯ ನವಿಲಿದ್ದರೆ ಇನ್ನೊಂದು ಮಗ್ಗುಲಲ್ಲಿ ಬಿಳಿಯ ನೆಲದ ಮೇಲೆ ಕೆಂಪು ನವಿಲು. ಅದು ಮುದ್ರೆ ಒತ್ತಿದ ಚಿತ್ರವಲ್ಲ. ಎರಡು ಬಣ್ಣದ ಎಳೆಗಳು ಮೇಲೆ ಕೆಳಗೆ ಸ್ಥಾನ ಬದಲಿಸುತ್ತ ಮೂಡಿಸಿದ ಚಿತ್ರ. ಸಾವಿರಾರು ಸಲ ಹೊಕ್ಕಿನ ನೂಲು ಹಾಯುವಾಗ ಪ್ರತಿ ಸಲವೂ ಯಾವ ಎಳೆ ಏಳಬೇಕು, ಯಾವುದು ಮಲಗಿರಬೇಕು ಎಂಬುದನ್ನು ಯಾರು ನೆನಪಿಟ್ಟರು? ನೇಕಾರನಲ್ಲ. ಮಗ್ಗದ ನೆತ್ತಿಯ ಮೇಲೆ ಸರಪಳಿಯಂತೆ ತೂಗಾಡುವ, ಮೈತುಂಬ ತೂತುಗಳಿರುವ ರಟ್ಟಿನ ಪಟ್ಟಿಗಳು.

ಈಚೆಗೆ ಪಾಲಕರ ಸಭೆಗಳಲ್ಲಿ ರೋಬೋಟಿನ ಮಾತು ಬಾರದೆ ಇರುವುದಿಲ್ಲ. ಯಂತ್ರಗಳೇ ಎಲ್ಲವನ್ನೂ ಮಾಡುವುದಾದರೆ ನಮ್ಮ ಮಕ್ಕಳಿಗೆ ಕೆಲಸವೆಲ್ಲಿ ಎಂಬುದು ಒಂದು ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಆ ವಿದ್ಯೆ ದಕ್ಕೀತೇ ಎಂಬುದು ಅದರ ಬೆನ್ನಿಗೇ ಬರುವ ಇನ್ನೊಂದು. ಎರಡಕ್ಕೂ ಉತ್ತರ ಹುಡುಕುವ ಮೊದಲು ರೋಬೋಟಿನ ವಂಶಾವಳಿಯನ್ನು ತಿಳಿಯುವುದು ಒಳ್ಳೆಯದು. ಆ ವಂಶದ ಒಬ್ಬ ಹಿರಿಯ ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಶೆಡ್ಡುಗಳಲ್ಲಿ ಇಂದಿಗೂ ಖಟಖಟ ಸದ್ದು ಮಾಡುತ್ತಿದ್ದಾನೆ.

ಜಕಾರ್ಡ್ ಯಂತ್ರದ ಕೆಲಸ ನೋಡಲು ಜಟಿಲ, ತಿಳಿಯಲು ಸರಳ. ಹಾಸಿನ ಎಳೆಗಳು ದಾರಗಳ ಮೂಲಕ ಮೇಲಿರುವ ಲೋಹದ ಕೊಕ್ಕೆಗಳಿಗೆ ಕಟ್ಟಲ್ಪಟ್ಟಿರುತ್ತವೆ. ಪ್ರತಿಯೊಂದು ಕೊಕ್ಕೆಯನ್ನು ಒಂದು ಅಡ್ಡ ಸೂಜಿ ಹಿಡಿದಿರುತ್ತದೆ. ಸೂಜಿಗಳ ಎದುರಿಗೆ ನಾಲ್ಕು ಮುಖದ ಒಂದು ಉರುಳೆ ಪ್ರತಿ ಸಲವೂ ಹೊಸದೊಂದು ಪಟ್ಟಿಯನ್ನು ತಂದು ಒತ್ತುತ್ತದೆ. ಸೂಜಿಯ ಎದುರಿಗೆ ತೂತಿದ್ದರೆ ಅದು ಒಳಗೆ ಹೊಕ್ಕು ನಿಲ್ಲುತ್ತದೆ, ಕೊಕ್ಕೆ ಅಲುಗುವುದಿಲ್ಲ. ಮೇಲೇರುವ ಅಲಗು ಆ ಕೊಕ್ಕೆಯನ್ನು ಸಿಕ್ಕಿಸಿಕೊಂಡು ಎಳೆಯನ್ನು ಎತ್ತುತ್ತದೆ. ತೂತಿಲ್ಲದಿದ್ದರೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳುತ್ತದೆ, ಕೊಕ್ಕೆ ಅಲಗಿನಿಂದ ತಪ್ಪಿಸಿಕೊಳ್ಳುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಹೊಕ್ಕಿನ ಒಂದು ಸಾಲಿಗೆ ಒಂದು ಪಟ್ಟಿ. ಪಟ್ಟಿಗಳ ಸರಪಳಿಯನ್ನು ಬದಲಿಸಿದರೆ ನವಿಲು ಹೋಗಿ ಹೂಬಳ್ಳಿ ಬರುತ್ತದೆ. ಮಗ್ಗ ಮಾತ್ರ ಅದೇ.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಚೌಕುಳಿ ಹಾಳೆಯ ಮೇಲೆ ಹದಿನಾರು ಸಾಲು, ಹದಿನಾರು ಕಂಬದ ಜಾಗವನ್ನು ಗುರುತಿಸಿ, ಮನೆಗಳನ್ನು ತುಂಬುತ್ತ ಹೋಗಿ ‘ಅ’ ಅಕ್ಷರವನ್ನು ಬರೆಯಲು ಮಗುವಿಗೆ ಹೇಳಿರಿ. ಬಳಿಕ ಒಬ್ಬರು ಮೊದಲ ಸಾಲಿನಿಂದ ‘ತುಂಬಿದೆ, ಖಾಲಿ, ಖಾಲಿ, ತುಂಬಿದೆ’ ಎಂದು ಓದುತ್ತ ಹೋಗಲಿ. ಅಕ್ಷರವನ್ನು ಕಾಣದ ಇನ್ನೊಬ್ಬರು ಬೇರೊಂದು ಹಾಳೆಯಲ್ಲಿ ಅದರಂತೆ ತುಂಬಲಿ. ಕೊನೆಗೆ ಅಲ್ಲಿ ‘ಅ’ ಮೂಡಿರುತ್ತದೆ. ತುಂಬಿದವನಿಗೆ ಅಕ್ಷರ ತಿಳಿದಿರಬೇಕಾಗಿಲ್ಲ, ಆಜ್ಞೆ ತಪ್ಪದಿದ್ದರೆ ಸಾಕು. ಸಾವಿರಾರು ರೂಪಾಯಿಯ ರೋಬೋಟಿಕ್ಸ್ ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಈ ಹದಿನಾರು ಸಾಲುಗಳನ್ನು ಮಾಡಿಸುವುದು ಲೇಸು ಎಂಬುದು ಈ ಲೇಖಕನ ಅಭಿಪ್ರಾಯ.

ಈ ಉಪಾಯ ಒಬ್ಬನ ತಲೆಯಿಂದ ಬಂದುದಲ್ಲ. ಫ್ರಾನ್ಸಿನ ಲಿಯೋನ್ ನಗರ ರೇಷ್ಮೆ ನೇಯ್ಗೆಯ ಕೇಂದ್ರ. ಅಲ್ಲಿ 1725ರಲ್ಲಿ ಬಾಸಿಲ್ ಬುಶೋನ್ ತೂತಿರುವ ಕಾಗದದ ಸುರುಳಿಯಿಂದ ಎಳೆಗಳನ್ನು ಆಯ್ದುಕೊಳ್ಳುವ ಕ್ರಮವನ್ನು ಕಂಡುಹಿಡಿದನು. ಕೆಲವು ವರ್ಷಗಳಲ್ಲಿ ಫಾಲ್ಕೋನ್ ಎಂಬಾತ ಕಾಗದದ ಬದಲು ರಟ್ಟಿನ ಪಟ್ಟಿಗಳನ್ನು ತಂದನು. ಅನಂತರ ಬಂದವನು ಝಾಕ್ ವೋಕಾನ್ಸೋನ್. ಇವನ ಖ್ಯಾತಿಗೆ ಮೊದಲ ಕಾರಣ ಮಗ್ಗವಲ್ಲ. ಕೊಳಲು ನುಡಿಸುವ ಯಂತ್ರದ ಬೊಂಬೆ ಮತ್ತು 1739ರಲ್ಲಿ ಜನರ ಮುಂದಿಟ್ಟ, ರೆಕ್ಕೆ ಬಡಿದು ಕಾಳು ಹೆಕ್ಕುವ ಯಂತ್ರದ ಬಾತುಕೋಳಿ. ರೇಷ್ಮೆ ಕಾರಖಾನೆಗಳ ನಿರೀಕ್ಷಕನಾಗಿ ನೇಮಕಗೊಂಡ ಬಳಿಕ ಅದೇ ಕೈ 1745ರ ಸುಮಾರಿಗೆ ತಾನೇ ನಡೆಯುವ ಮಗ್ಗವನ್ನು ರಚಿಸಿತು. ಬೊಂಬೆಯ ವಿದ್ಯೆ, ನೇಯ್ಗೆಯ ವಿದ್ಯೆ ಎರಡೂ ಒಂದೇ ಕಾರ್ಯಾಗಾರದಲ್ಲಿ ಕೂಡಿದ್ದವೆಂಬುದು ಗಮನಿಸತಕ್ಕ ಸಂಗತಿ. ಈ ಮೂವರ ಕೆಲಸವನ್ನು ಒಂದುಗೂಡಿಸಿ, ಕಾರಖಾನೆಯಲ್ಲಿ ನಿತ್ಯ ಬಳಸಬಹುದಾದ ಯಂತ್ರವನ್ನು 1804ರ ಹೊತ್ತಿಗೆ ಸಿದ್ಧಗೊಳಿಸಿದವನು ಜೋಸೆಫ್ ಮರಿ ಜಕಾರ್ಡ್.

ಅದಕ್ಕೆ ಮೊದಲು ಚಿತ್ರದ ಬಟ್ಟೆ ನೇಯಲು ನೇಕಾರನೊಡನೆ ಮಗ್ಗದ ಬಳಿ ನಿಂತು ದಾರಗಳ ಗೊಂಚಲನ್ನು ಎಳೆಯುವ ಸಹಾಯಕನೊಬ್ಬ ಬೇಕಾಗುತ್ತಿತ್ತು. ಅನೇಕ ಕಡೆ ಆ ಕೆಲಸ ಬಾಲಕರದು. ಪಟ್ಟಿ ಬಂದಿತು, ಬಾಲಕನ ಕೆಲಸ ಹೋಯಿತು. ಲಿಯೋನಿನ ನೇಕಾರರು ಹೊಸ ಯಂತ್ರವನ್ನು ಸಿಟ್ಟಿನಿಂದಲೇ ಎದುರಿಸಿದರು. ಆ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ 1877ರಲ್ಲಿ ತನ್ನ ಮೊದಲ ಬಟ್ಟೆ ಗಿರಣಿಯನ್ನು ಕಂಡು, ಗಿರಣಿಯ ಭೋಂಗಾ ಕೂಗಿಗೆ ಎದ್ದು ಮಲಗಿ, ಕಡೆಗೆ ಆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದುದನ್ನೂ ಕಂಡ ಸೊಲ್ಲಾಪುರದವರಿಗೆ ಅದು ಅಷ್ಟು ಸುಲಭವಾಗಬಾರದು.

ಪಟ್ಟಿಗಳ ಕಥೆ ಮಗ್ಗದಲ್ಲಿಯೇ ನಿಲ್ಲಲಿಲ್ಲ. ಜಕಾರ್ಡನ ಭಾವಚಿತ್ರವನ್ನು ಸುಮಾರು 24,000 ಪಟ್ಟಿಗಳಿಂದ ರೇಷ್ಮೆಯಲ್ಲಿ ನೇಯ್ದಿದ್ದರು. ಅದರ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನ ಬಳಿ ಇತ್ತು. ತಾನು ಯೋಜಿಸುತ್ತಿದ್ದ ಲೆಕ್ಕದ ಯಂತ್ರಕ್ಕೆ ಆಜ್ಞೆ ನೀಡಲು ಅವನು ಆಯ್ದುಕೊಂಡುದೂ ತೂತಿನ ಪಟ್ಟಿಗಳನ್ನೇ. 1890ರಲ್ಲಿ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತನ ಯಂತ್ರಗಳು ಎಣಿಸಿದುದೂ ಅಂಥ ಪಟ್ಟಿಗಳಿಂದಲೇ. ಅಲ್ಲಿಂದ ಗಣಕಯಂತ್ರದವರೆಗಿನ ಹಾದಿ ಶಾಲೆಯ ಮಕ್ಕಳಿಗೆ ಪರಿಚಿತವಾದುದು.

‘ರೋಬೋಟ್’ ಎಂಬ ಹೆಸರು ಬಂದುದು ನಾಟಕವೊಂದರಿಂದ. ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ನಾಟಕದಲ್ಲಿ ಕೃತಕ ಕೆಲಸಗಾರರಿಗೆ ಆ ಹೆಸರಿದೆ. ಅದನ್ನು ಸೂಚಿಸಿದವನು ಅವನ ಅಣ್ಣ ಜೋಸೆಫ್. ಚೆಕ್ ಭಾಷೆಯ ‘ರೋಬೋತ’ ಎಂದರೆ ಒಡೆಯನಿಗಾಗಿ ಬಲವಂತದಿಂದ ಮಾಡುವ ಚಾಕರಿ. ನಮ್ಮ ಕನ್ನಡದ ‘ಬಿಟ್ಟಿ’ ಎಂಬ ಮಾತು ಅದಕ್ಕೆ ಬಹು ಹತ್ತಿರದ್ದು.

ಕಾರಖಾನೆಗೆ ಬಂದ ಮೊದಲ ರೋಬೋಟಿಗೆ ಮುಖವಿರಲಿಲ್ಲ, ಕಾಲಿರಲಿಲ್ಲ. ಇದ್ದುದು ಒಂದು ತೋಳು. ಅಮೆರಿಕದ ಜಾರ್ಜ್ ಡೆವಲ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಜೋಸೆಫ್ ಎಂಗಲ್‌ಬರ್ಗರನ ಜೊತೆಗೂಡಿ ರೂಪಿಸಿದ ‘ಯುನಿಮೇಟ್’ 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರಖಾನೆಯಲ್ಲಿ ಕೆಲಸಕ್ಕೆ ನಿಂತಿತು. ಎರಕದ ಯಂತ್ರದಿಂದ ಬರುವ ಕಾದ ಲೋಹದ ಭಾಗಗಳನ್ನು ಹಿಡಿದು ತೆಗೆದಿಡುವುದು ಅದರ ಕೆಲಸ. ತೂಕ ಹತ್ತಿರ ಹತ್ತಿರ 1,800 ಕಿಲೋ. ಅದರ ಆಜ್ಞೆಗಳು ರಟ್ಟಿನಲ್ಲಿ ಅಲ್ಲ, ಕಾಂತೀಯ ಉರುಳೆಯೊಂದರಲ್ಲಿ ಅಡಗಿದ್ದವು. ಆಜ್ಞೆಯನ್ನು ಬದಲಿಸಿದರೆ ಅದೇ ತೋಳು ಬೇರೆ ಕೆಲಸ ಮಾಡುತ್ತಿತ್ತು. ಜಕಾರ್ಡ್ ಮಗ್ಗದ ತತ್ತ್ವವೇ ಇಲ್ಲಿಯೂ ಇದೆ: ಏನು ಮಾಡಬೇಕೆಂಬುದು ಯಂತ್ರದ ಮೈಯಿಂದ ಬೇರೆಯಾಗಿದೆ.

ಆದರೆ ಆಜ್ಞೆಯನ್ನು ಬದಲಿಸಿದ ಮಾತ್ರಕ್ಕೆ ಎಲ್ಲ ಕೆಲಸವೂ ಆಗುವುದಿಲ್ಲ. ಕಳೆದ ಅರುವತ್ತು ವರ್ಷಗಳ ರೋಬೋಟ್ ಚರಿತ್ರೆಯ ಬಹುಭಾಗ ಈ ತೊಡಕಿನದೇ. ಇದನ್ನೂ ಮಗ್ಗದಿಂದಲೇ ಅರಿಯಬಹುದು. ಚಾದರ ನೇಯುವ ಮಗ್ಗಕ್ಕೆ ಬೇರೆ ಪಟ್ಟಿ ಏರಿಸಿ ಟರ್ಕಿ ಟವೆಲ್ ನೇಯಲು ಬರುವುದಿಲ್ಲ. ಟವೆಲಿನ ಮೈಮೇಲೆ ನೂಲಿನ ಕುಣಿಕೆಗಳು ಏಳಬೇಕು. ಅದಕ್ಕೆ ಎರಡು ಹಾಸುಗಳು ಬೇಕು: ಒಂದು ಬಿಗಿ, ಇನ್ನೊಂದು ಸಡಿಲ. ಹಣಿಗೆ ಎರಡು ಹೊಕ್ಕುಗಳನ್ನು ಬಟ್ಟೆಯ ಅಂಚಿಗೆ ಮುಟ್ಟಿಸದೆ ತುಸು ದೂರದಲ್ಲಿಯೇ ಬಿಟ್ಟು, ಮೂರನೆಯದರ ಜೊತೆಗೆ ಮೂರನ್ನೂ ಕೂಡಿಸಿ ಅಂಚಿನವರೆಗೆ ದೂಡುತ್ತದೆ. ಆಗ ಸಡಿಲ ಹಾಸಿನ ಎಳೆ ಬಾಗಿ ಕುಣಿಕೆಯಾಗುತ್ತದೆ. ಅಂದರೆ ಟವೆಲಿಗೆ ಬೇರೆ ಆಜ್ಞೆಯಷ್ಟೇ ಸಾಲದು, ಬೇರೆ ದೇಹವೇ ಬೇಕು.

ರೋಬೋಟುಗಳಲ್ಲಿಯೂ ಹೀಗೆಯೇ ಆಯಿತು. ಮೊದಲ ತೋಳುಗಳು ಗಟ್ಟಿ ವಸ್ತುಗಳಿಗಾಗಿ ಹುಟ್ಟಿದವು: ಲೋಹ ಎತ್ತುವುದು, ಬೆಸುಗೆ ಹಾಕುವುದು, ಬಣ್ಣ ಸಿಂಪಡಿಸುವುದು. ವಿದ್ಯುನ್ಮಾನ ಉಪಕರಣಗಳ ಜೋಡಣೆಗೆ ಅವು ಒದಗಲಿಲ್ಲ. ಸಣ್ಣ ಕಡ್ಡಿಯನ್ನು ಸಣ್ಣ ತೂತಿಗೆ ಇಳಿಸುವಾಗ ಕೂದಲೆಳೆಯಷ್ಟು ತಪ್ಪಿದರೂ ಗಟ್ಟಿ ತೋಳು ಕಡ್ಡಿಯನ್ನು ಮುರಿಯುತ್ತಿತ್ತು. ಜಪಾನಿನ ಯಾಮಾನಾಶಿ ವಿಶ್ವವಿದ್ಯಾಲಯದ ಹಿರೋಶಿ ಮಾಕಿನೋ 1978ರ ಸುಮಾರಿಗೆ ರೂಪಿಸಿದ ‘ಸ್ಕಾರಾ’ ತೋಳು ಮೇಲೆ ಕೆಳಗಿನ ಚಲನೆಯಲ್ಲಿ ಬಿಗಿ, ಅಕ್ಕಪಕ್ಕಕ್ಕೆ ತುಸು ಸಡಿಲ. ತೂತಿನ ಅಂಚು ತಗುಲಿದರೆ ತೋಳೇ ಒಂದಿಷ್ಟು ಸರಿದು ಕಡ್ಡಿಗೆ ದಾರಿ ಕೊಡುತ್ತದೆ. ಎಲ್ಲಿ ಬಿಗಿಯಾಗಿರಬೇಕು, ಎಲ್ಲಿ ಬಳುಕಬೇಕು ಎಂಬುದನ್ನು ದೇಹದ ರಚನೆಯಲ್ಲಿಯೇ ಇರಿಸಿದುದು ಮಾಕಿನೋನ ಜಾಣ್ಮೆ. ಮುಂದೆ ಮನುಷ್ಯರ ಪಕ್ಕದಲ್ಲಿಯೇ ನಿಂತು ದುಡಿಯುವ, ಮೈಗೆ ತಗುಲಿದೊಡನೆ ನಿಲ್ಲುವ ಹಗುರ ತೋಳುಗಳೂ ಬಂದವು.

ಇಷ್ಟಾದರೂ ಬಟ್ಟೆ ಮಾತ್ರ ರೋಬೋಟಿನ ಕೈಗೆ ಸುಲಭವಾಗಿ ಒಗ್ಗಿಲ್ಲ. ಚಾದರದಂತೆಯೇ ಶಾಲೆಯ ಸಮವಸ್ತ್ರಗಳ ತಯಾರಿಕೆಯೂ ಸೊಲ್ಲಾಪುರದ ದೊಡ್ಡ ಉದ್ಯಮ. ಅನೇಕ ಮನೆಗಳ ತಾಯಂದಿರು ಹೊಲಿಗೆಯಿಂದ ಸಂಸಾರ ತೂಗಿಸುತ್ತಾರೆ. ಕಬ್ಬಿಣದ ಹಲಗೆಯನ್ನು ಒಂದು ತುದಿಯಲ್ಲಿ ಹಿಡಿದರೆ ಇನ್ನೊಂದು ತುದಿ ಎಲ್ಲಿರುತ್ತದೆಂದು ಯಂತ್ರ ಲೆಕ್ಕ ಹಾಕಬಲ್ಲದು. ಅಂಗಿಯ ತುಂಡನ್ನು ಒಂದು ತುದಿಯಲ್ಲಿ ಹಿಡಿದರೆ ಇನ್ನೊಂದು ತುದಿ ಜೋತುಬೀಳುತ್ತದೆ, ಮಡಚುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಾಲರಿನ ಬಾಗನ್ನು ಹೊಲಿಯುವಾಗ ಬೆರಳುಗಳು ಮೇಲಿನ ಪದರನ್ನು ತುಸು ತಡೆದು, ಕೆಳಗಿನದನ್ನು ತುಸು ಬಿಟ್ಟು ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತವೆ. ಕತ್ತರಿಸುವುದಕ್ಕೆ, ಗುಂಡಿಯ ಮನೆಗೆ, ಕಿಸೆ ಕೂಡಿಸುವುದಕ್ಕೆ ಬೇರೆ ಬೇರೆ ಸ್ವಯಂಚಾಲಿತ ಯಂತ್ರಗಳಿವೆ. ಆದರೆ ಮೊದಲಿಂದ ಕೊನೆಯವರೆಗೆ ಅಂಗಿಯನ್ನು ತಾನೇ ಹೊಲಿದುಕೊಡುವ ಯಂತ್ರ ನಮ್ಮ ಪೇಟೆಯ ಬೆಲೆಗೆ ಎಟುಕುವಂತೆ ಇನ್ನೂ ಬಂದಿಲ್ಲ. ಹೊಲಿಗೆಯನ್ನು ‘ಸಾಮಾನ್ಯ ಕೆಲಸ’ ಎನ್ನುವವರು ಒಮ್ಮೆ ರೋಬೋಟ್ ತಜ್ಞರ ಪಾಡನ್ನು ಕೇಳಬೇಕು.

ಮೆತ್ತನೆಯ ವಸ್ತುವಿಗೆ ಮೆತ್ತನೆಯ ಕೈ ಬೇಕೆಂಬ ವಿಚಾರದಿಂದ ಹುಟ್ಟಿದ ಒಂದು ಉಪಕರಣ ಮಕ್ಕಳಿಗೆ ಮೆಚ್ಚಾಗುವಂಥದು. ಗಾಳಿ ತೆಗೆದು ಕಟ್ಟಿದ ಕಾಫಿಪುಡಿಯ ಪೊಟ್ಟಣ ಅಂಗಡಿಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ; ಮೂಲೆ ಕತ್ತರಿಸಿದೊಡನೆ ಮೆತ್ತಗಾಗುತ್ತದೆ. ಶಿಕಾಗೋ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳವರು ‘ಐರೋಬೋಟ್’ ಸಂಸ್ಥೆಯವರೊಡನೆ ಸೇರಿ 2010ರಲ್ಲಿ ಪ್ರಕಟಿಸಿದ ರೋಬೋಟ್ ಕೈ ಇದೇ ತತ್ತ್ವದ್ದು. ಕಾಫಿಪುಡಿ ತುಂಬಿದ ರಬ್ಬರ್ ಚೀಲವನ್ನು ವಸ್ತುವಿನ ಮೇಲೆ ಒತ್ತಿದರೆ ಅದು ಆ ವಸ್ತುವಿನ ಆಕಾರಕ್ಕೆ ಒಗ್ಗುತ್ತದೆ. ಒಳಗಿನ ಗಾಳಿಯನ್ನು ಎಳೆದೊಡನೆ ಪುಡಿ ಗಟ್ಟಿಯಾಗಿ ವಸ್ತುವನ್ನು ಕಚ್ಚಿ ಹಿಡಿಯುತ್ತದೆ. ಬೆರಳಿಲ್ಲ, ವಸ್ತುವಿನ ಆಕಾರವನ್ನು ಮೊದಲೇ ಅಳೆಯಬೇಕಾಗಿಲ್ಲ. ಹಸಿ ಮೊಟ್ಟೆಯನ್ನೂ ಒಡೆಯದೆ ಎತ್ತುತ್ತದೆ. ನಮ್ಮ ಜಿಲ್ಲೆಯ ದಾಳಿಂಬೆ ತೋಟಗಳಿಗೆ ಇಂಥ ಕೈ ಸಾಕಾಗದು. ಹಣ್ಣನ್ನು ಹಿಡಿದರಷ್ಟೇ ಆಗಲಿಲ್ಲ. ಮುಳ್ಳಿನ ಕೊಂಬೆಗಳ ನಡುವೆ ದಾರಿ ಮಾಡಿಕೊಂಡು ತೊಟ್ಟನ್ನು ಕತ್ತರಿಯಿಂದ ಕತ್ತರಿಸಬೇಕು. ಪ್ರತಿ ಬೆಳೆಯೂ ಹೀಗೆ ತನ್ನದೇ ಆದ ಕೈಯನ್ನು ಕೇಳುತ್ತದೆ.

ನೆಲವೂ ತನ್ನದೇ ಆದ ಕಾಲನ್ನು ಕೇಳುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ–3 ಇಳಿದ ಮೇಲೆ ಹೊರಬಂದ ‘ಪ್ರಜ್ಞಾನ’ ಸುಮಾರು 26 ಕಿಲೋ ತೂಕದ, ಆರು ಗಾಲಿಗಳ ಗಾಡಿ. ಅದರ ಗಾಲಿಗಳು ಸ್ಪ್ರಿಂಗುಗಳ ಮೇಲಲ್ಲ, ತಕ್ಕಡಿಯಂತೆ ತೂಗುವ ತೋಳುಗಳ ಮೇಲೆ ನಿಂತಿವೆ. ಒಂದು ಗಾಲಿ ಕಲ್ಲನ್ನು ಏರಿದರೂ ಉಳಿದವು ನೆಲ ಬಿಡುವುದಿಲ್ಲ. ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರು. ಇಳಿದ ನಾಲ್ಕನೆಯ ದಿನ ಮೂರು ಮೀಟರು ಮುಂದೆ ನಾಲ್ಕು ಮೀಟರು ಅಗಲದ ಕುಳಿ ಕಂಡುಬಂದುದರಿಂದ ಅದನ್ನು ಹಿಂದಿರುಗಿಸಿ ಬೇರೆ ದಾರಿಗೆ ತಿರುಗಿಸಬೇಕಾಯಿತು. ಗಾಲಿ ಎಷ್ಟೇ ಚೆನ್ನಾಗಿದ್ದರೂ ಆಜ್ಞೆ ಕೊಡುವವರು ಬೆಂಗಳೂರಿನಲ್ಲಿ ಕಣ್ಣು ತೆರೆದು ಕುಳಿತಿದ್ದರು.

ಗಾಲಿ ಉಪಯೋಗಕ್ಕೆ ಬಾರದ ಜಾಗ ನಮ್ಮ ಕಾಲಡಿಯಲ್ಲಿಯೇ ಇದೆ. ಚರಂಡಿಯ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆದರೂ ಸಾವುಗಳು ನಿಂತಿಲ್ಲ. ಕೇರಳದ ಯುವ ಎಂಜಿನಿಯರುಗಳು ರೂಪಿಸಿ, 2018ರಲ್ಲಿ ತಿರುವನಂತಪುರದಲ್ಲಿ ಬಳಕೆಗೆ ಬಂದ ‘ಬ್ಯಾಂಡಿಕೂಟ್’, ಅಂದರೆ ಹೆಗ್ಗಣ, ಕಾಲುಗಳನ್ನು ಚಾಚಿ ಗುಂಡಿಯೊಳಗೆ ನಿಲ್ಲುತ್ತದೆ, ಕ್ಯಾಮೆರಾದಿಂದ ನೋಡುತ್ತದೆ, ತೋಳಿನಿಂದ ಕಸವನ್ನು ಬಾಚಿ ಬಕೆಟಿಗೆ ತುಂಬುತ್ತದೆ. ಹಿಂದೆ ಗುಂಡಿಗೆ ಇಳಿಯುತ್ತಿದ್ದವರಿಗೇ ಅದನ್ನು ನಡೆಸುವ ತರಬೇತಿ ಕೊಟ್ಟರು. ಯಂತ್ರದಿಂದ ಕೆಲಸ ಹೋಗುವುದೆಂಬ ಚರ್ಚೆಯಲ್ಲಿ ಹೋಗಲೇಬೇಕಾದ ಕೆಲಸಗಳೂ ಇವೆ ಎಂಬುದನ್ನು ಮರೆಯಬಾರದು.

ಕಬ್ಬಿನ ಹೊಲದ ಸಂಗತಿ ಇಷ್ಟು ನೇರವಲ್ಲ. ಹಂಗಾಮು ಬಂದರೆ ಬೀಡ ಮುಂತಾದ ಜಿಲ್ಲೆಗಳಿಂದ ಕುಟುಂಬಗಳು ಕೊಯ್ತಾ ಹಿಡಿದು ಬರುತ್ತವೆ. ಅವರ ಮಕ್ಕಳ ಶಾಲೆ ತಿಂಗಳುಗಟ್ಟಲೆ ತಪ್ಪುತ್ತದೆ. ಕಬ್ಬು ಕಟಾವಿನ ಯಂತ್ರ ಬುಡವನ್ನು ಕತ್ತರಿಸಿ, ತುಂಡು ಮಾಡಿ, ರವದಿಯನ್ನು ಗಾಳಿಗೆ ಹಾರಿಸಿ ಪಕ್ಕದ ಗಾಡಿಗೆ ಸುರಿಯುತ್ತದೆ. ಆದರೆ ಅದಕ್ಕೆ ಸಾಲುಗಳ ನಡುವೆ ನಾಲ್ಕರಿಂದ ಐದು ಅಡಿ ಬೇಕು, ತಿರುಗಲು ಬದುವಿನಲ್ಲಿ ಜಾಗ ಬೇಕು, ಎರೆನೆಲ ಒಣಗಿರಬೇಕು. ತುಂಡಾದ ಕಬ್ಬು ಬೇಗ ಕೆಡುವುದರಿಂದ ಕಾರಖಾನೆಗೂ ಬೇಗ ತಲುಪಬೇಕು. ಇಲ್ಲಿ ಯಂತ್ರ ಹೊಲಕ್ಕೆ ಹೊಂದಿಕೊಂಡುದಕ್ಕಿಂತ ಹೊಲವೇ ಯಂತ್ರಕ್ಕೆ ಹೊಂದಿಕೊಳ್ಳಬೇಕಾಗಿದೆ. ಎರಡು ಎಕರೆಯ ಅಕ್ಕಲಕೋಟದ ರೈತನಿಗೆ ಅದು ಆಗದಿದ್ದರೆ ತಪ್ಪು ರೈತನದೋ, ಆ ರೈತನನ್ನು ನೆನೆಯದೆ ಯಂತ್ರವನ್ನು ರೂಪಿಸಿದವರದೋ? ಸಣ್ಣ ಹೊಲಕ್ಕೆ ತಕ್ಕ ಸಣ್ಣ ಯಂತ್ರವನ್ನು ರೂಪಿಸುವವರು ಸಣ್ಣ ಹೊಲವನ್ನು ಬಲ್ಲವರೇ ಆಗಿದ್ದರೆ ಒಳ್ಳೆಯದು.

ಪಾಲಕರ ಎರಡನೆಯ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆಯೆಂದು ತೋರುತ್ತದೆ. ಆಜ್ಞೆ ಬರೆಯುವ ಭಾಷೆಯಲ್ಲಿ ಇಂಗ್ಲಿಷ್ ಪದಗಳಿವೆ, ನಿಜ. ಅವು ಹೆಚ್ಚೆಂದರೆ ಕೆಲವು ಡಜನ್, ಕಲಿಯಬಹುದು. ಎಳೆ ಎಷ್ಟು ಬಿಗಿಯಿದ್ದರೆ ಹರಿಯುತ್ತದೆ, ಎರೆನೆಲ ಯಾವಾಗ ಗಾಲಿಯನ್ನು ನುಂಗುತ್ತದೆ ಎಂಬ ಅರಿವು ಸಿಗುವುದು ಮನೆಯಲ್ಲಿ, ಮನೆಯ ಮಾತಿನಲ್ಲಿ. ಬಾಲಭಾರತಿಯ ಕನ್ನಡ ಪಠ್ಯದಲ್ಲಿ ಸನ್ನೆಕೋಲು, ಘರ್ಷಣೆ, ವಿದ್ಯುತ್ ಮಂಡಲ ಎಂದು ಓದಿದ ಮಗು ಶೆಡ್ಡಿಗೆ ಹೋದರೆ ಅವೆಲ್ಲವನ್ನೂ ಒಂದೇ ಯಂತ್ರದಲ್ಲಿ ಕಾಣಬಹುದು. ಶಿಕ್ಷಕರು ವರ್ಷಕ್ಕೊಮ್ಮೆ ಮಕ್ಕಳನ್ನು ಕೋಟೆಗೆ ಕರೆದೊಯ್ಯುವಂತೆ ಮಗ್ಗದ ಶೆಡ್ಡಿಗೂ ಕರೆದೊಯ್ಯಬೇಕು.

ಮೊದಲನೆಯ ಪ್ರಶ್ನೆ ಕಠಿಣವಾದುದು. 1983ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ವಿದ್ಯುನ್ಮಾನ ಜಕಾರ್ಡಿನಲ್ಲಿ ರಟ್ಟಿಲ್ಲ. ವಿದ್ಯುತ್ಕಾಂತಗಳು ಕೊಕ್ಕೆಗಳನ್ನು ಆಯುತ್ತವೆ, ಚಿತ್ರ ಗಣಕದಿಂದ ಬರುತ್ತದೆ. ರೇಪಿಯರ್ ಮಗ್ಗದಲ್ಲಿ ಲಾಳಿಯಿಲ್ಲ. ಒಂದು ಚಿಮಟ ಹೊಕ್ಕಿನ ನೂಲನ್ನು ನಡುವಿನವರೆಗೆ ತಂದು ಎದುರಿನಿಂದ ಬಂದ ಇನ್ನೊಂದು ಚಿಮಟಕ್ಕೆ ಒಪ್ಪಿಸುತ್ತದೆ. ಏರ್‌ಜೆಟ್ಟಿನಲ್ಲಿ ನೂಲನ್ನು ಗಾಳಿಯೇ ಒಯ್ಯುತ್ತದೆ. ಒಬ್ಬನು ಹಿಂದಿಗಿಂತ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುತ್ತಾನೆ. ಪಟ್ಟಿಗೆ ತೂತು ಹೊಡೆದು ದಾರದಿಂದ ಪೋಣಿಸುತ್ತಿದ್ದವನ ಕೆಲಸ ಕಿರಿದಾಗುತ್ತದೆ. ಹೊಸ ಮಗ್ಗ ಕೊಳ್ಳಲು ಸಾಲ ಸಿಗದ ನಾಲ್ಕು ಮಗ್ಗಗಳ ಒಡೆಯನೂ ಈ ಲೆಕ್ಕದಲ್ಲಿ ಸೇರುತ್ತಾನೆ. ಉಳಿಯುವ ಕೆಲಸ ಯಂತ್ರವನ್ನು ಅಣಿಗೊಳಿಸುವವನದು, ದುರಸ್ತಿ ಮಾಡುವವನದು, ಚಿತ್ರ ರಚಿಸುವವನದು. ಹತ್ತನೆಯ ತರಗತಿಯ ಬಳಿಕ ಐಟಿಐಯ ಫಿಟ್ಟರ್, ಇಲೆಕ್ಟ್ರಾನಿಕ್ಸ್ ಶಾಖೆಗಳನ್ನು ಕೊನೆಯ ಆಯ್ಕೆಯೆಂದು ಕಾಣುವ ಪಾಲಕರು ಇದನ್ನು ಮತ್ತೊಮ್ಮೆ ಯೋಚಿಸಬೇಕು.

ಶೆಡ್ಡಿಗೆ ಹೋದ ಮಕ್ಕಳು ಹೊಸ ಮಗ್ಗದ ಹಿಂಬದಿಗೆ ಹೋಗಿ ನೋಡಲಿ. ಅಲ್ಲಿ ಹಾಸಿನ ಒಂದೊಂದು ಎಳೆಯ ಮೇಲೂ ತೆಳ್ಳನೆಯ ಲೋಹದ ಪಟ್ಟಿಯೊಂದು ಜೋತಾಡುತ್ತಿರುತ್ತದೆ. ಎಳೆ ಹರಿದೊಡನೆ ಅದರ ಪಟ್ಟಿ ಕೆಳಗೆ ಬೀಳುತ್ತದೆ, ವಿದ್ಯುತ್ ಮಂಡಲ ಕೂಡುತ್ತದೆ, ಸಾವಿರಾರು ಎಳೆಗಳ ಮಗ್ಗ ತಟ್ಟನೆ ನಿಂತು ದೀಪ ಹತ್ತುತ್ತದೆ. ಹಾಸು ಮುಗಿದಾಗ ಹೊಸ ಹಾಸನ್ನು ಹಳೆಯದಕ್ಕೆ ಸಾಲಾಗಿ ಗಂಟು ಹಾಕುವ ಯಂತ್ರಗಳಿವೆ. ಆದರೆ ನಡುವೆ ಹರಿದ ಆ ಒಂದು ಎಳೆಯನ್ನು ಹುಡುಕಿ, ತುದಿಗಳನ್ನು ಕೂಡಿಸಿ, ಗಂಟು ಹಾಕಿ, ಹಣಿಗೆಯ ಸರಿಯಾದ ಸಂದಿನಲ್ಲಿ ತೂರಿಸಲು ದೀಪ ಕಂಡ ಕಡೆಗೆ ಮನುಷ್ಯನೇ ನಡೆದು ಬರುತ್ತಾನೆ.